ಹಾಕುವಾಗ ಇದ್ದ ಅವಸರ ತೆಗೆಯುವಾಗ ಯಾರಿಗೂ ಇರಲಿಲ್ಲ: ಐವಿಸಿ ಫಿಲ್ಟರ್ ಹಾಕಿಸಿಕೊಂಡವರೇ, ಫೈಲ್ ತೆಗೆದು ನೋಡಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಲಿನ ರಕ್ತನಾಳದಲ್ಲಿ ಕ್ಲಾಟ್ ಆಗಿ, ಅಂದರೆ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗದಂತೆ ತಡೆಯೋಕೆ ಐವಿಸಿ ಫಿಲ್ಟರ್ ಹಾಕಿದ್ದಾರಾ? ಹಾಗಿದ್ದರೆ ಇವತ್ತೇ ಹಳೇ ಫೈಲ್ ಹುಡುಕಿ. ಅದು ಇನ್ನೂ ಒಳಗೇ ಇದೆಯಾ? ಇದ್ದರೆ ಯಾಕಿದೆ? ಯಾರು ತೆಗೆಯಬೇಕು, ಯಾವಾಗ? ಇದಕ್ಕೆಲ್ಲ ಫೈಲ್‌ನಲ್ಲಿ ಉತ್ತರ ಸಿಗದಿದ್ದರೆ ಇದನ್ನು ಪೂರ್ತಿ ಓದಿ. ಉದ್ದ ಆಗುತ್ತೆ, ಸಿಟ್ಟಲ್ಲೇ ಬರೀತಾ ಇದ್ದೀನಿ.

ನಮ್ಮಪ್ಪ ಸ್ಕೂಟರ್‌ನಿಂದ ಬಿದ್ದು ಸೊಂಟ ಮುರಿದುಕೊಂಡರು. ತಲೆಗೂ ಪೆಟ್ಟು ಬಿದ್ದು ಒಳಗೆ ರಕ್ತಸ್ರಾವ ಆಗಿತ್ತು. ತಿಪಟೂರಿನಿಂದ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ತಂದೆವು. ಹೆಸರು ಬರೆಯಲ್ಲ, ದೂರು ನಡೀತಾ ಇದೆ. ಐಸಿಯುನಲ್ಲಿದ್ದಾಗಲೇ ಎಡಗಾಲು ಊದಿಕೊಂಡಿತು. ಡಾಪ್ಲರ್ ಸ್ಕ್ಯಾನ್ ಮಾಡಿದರು, ತೊಡೆಯ ನಾಳದಲ್ಲಿ ಕ್ಲಾಟ್. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ರಕ್ತ ತೆಳು ಮಾಡುವ ಔಷಧಿ ಕೊಡೋಣ ಅಂದರೆ ತಲೆಯಲ್ಲಿ ರಕ್ತಸ್ರಾವ. ಅದಕ್ಕೇ ಫಿಲ್ಟರ್ ಹಾಕಿದರು. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ. ಆಮೇಲೆ ಬೇರೆ ಡಾಕ್ಟರ್‌ಗಳನ್ನು ಕೇಳಿದಾಗಲೂ "ಆ ಹೊತ್ತಿಗೆ ಅದೇ ಸರಿ" ಅಂದರು. ಹಾಕಿದ್ದಕ್ಕಲ್ಲ ನನ್ನ ಜಗಳ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸೊಂಟದ ಕೆಳಗಿನ ರಕ್ತವನ್ನೆಲ್ಲ ಹೃದಯಕ್ಕೆ ಒಯ್ಯುವ ದೊಡ್ಡ ನಾಳ ಹೊಟ್ಟೆಯ ಹಿಂಭಾಗದಲ್ಲಿದೆ, ಅದೇ ಐವಿಸಿ. ಅದರೊಳಗೆ, ಕಿಡ್ನಿ ನಾಳಗಳಿಗಿಂತ ಸ್ವಲ್ಪ ಕೆಳಗೆ, ಈ ಫಿಲ್ಟರ್ ಕೂರಿಸುತ್ತಾರೆ. ನೋಡೋಕೆ ಬಟ್ಟೆ ಕಿತ್ತುಹೋದ ಕೊಡೆ ಇದ್ದ ಹಾಗೆ, ಬರೀ ಸಣ್ಣ ಲೋಹದ ಕಡ್ಡಿಗಳು. ತೆಗೆಯಬಹುದಾದ ಫಿಲ್ಟರ್ ಆದರೆ ತುದಿಯಲ್ಲಿ ಒಂದು ಪುಟ್ಟ ಕೊಕ್ಕೆ ಇರುತ್ತದೆ. ಕುತ್ತಿಗೆಯ ನಾಳದಿಂದ ತಂತಿ ಇಳಿಸಿ ಆ ಕೊಕ್ಕೆ ಹಿಡಿದು ಎಳೆಯುತ್ತಾರೆ. ಬೇಗ ಎಳೆದರೆ ಸಲೀಸು. ತಡವಾದರೆ ಕೊಕ್ಕೆಯೂ ಕಡ್ಡಿಗಳೂ ನಾಳದ ಗೋಡೆಯೊಳಗೆ ಹೂತುಹೋಗುತ್ತವೆ. ಈ ಕೊನೇ ಮಾತನ್ನು ನಮಗೆ ಯಾರೂ ಹೇಳಲಿಲ್ಲ. ಯಾರೂ.

ಕ್ಯಾಥ್‌ಲ್ಯಾಬ್ ಹೊರಗೆ ಸಹಿ ಹಾಕಿಸಿಕೊಂಡ ಜೂನಿಯರ್ ಡಾಕ್ಟರ್ ಹೇಳಿದ್ದು ಇಷ್ಟು: "ಟೆಂಪರರಿ ಮೇಡಂ. ರಿಸ್ಕ್ ಕಮ್ಮಿ ಆದ ತಕ್ಷಣ ತೆಗೆದುಬಿಡ್ತೀವಿ. ಡೇ ಕೇರ್ ಅಷ್ಟೇ." ಯಾವಾಗ ಅಂತ ಕೇಳಿದೆ. "ಅದೆಲ್ಲ ಫಾಲೋಅಪ್‌ನಲ್ಲಿ ಹೇಳ್ತಾರೆ."

ಫಾಲೋಅಪ್ ಹೇಗಿರುತ್ತೆ ಅಂತ ನಿಮಗೂ ಗೊತ್ತಲ್ವಾ. ಟೋಕನ್, ಕಾಯುವುದು, ಒಳಗೆ ಎರಡು ನಿಮಿಷ. ನ್ಯೂರೋದವರು ತಲೆ ಸರಿಹೋಯ್ತು, ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿ ಅಂದರು. ಮೂಳೆ ಡಾಕ್ಟರ್ ಮೂಳೆ ಕೂಡಿದೆ ಅಂದರು. "ಸರ್, ಆ ಫಿಲ್ಟರ್?" ಅಂದರೆ "ಅದು ನಮ್ದಲ್ಲ, ವ್ಯಾಸ್ಕುಲರ್‌ನವರದ್ದು." ವ್ಯಾಸ್ಕುಲರ್, ಅಂದರೆ ರಕ್ತನಾಳದ ವಿಭಾಗದ ಓಪಿಡಿಗೆ ದುಡ್ಡು ಕಟ್ಟಿ ಹೋದರೆ ಹಾಕಿದ ಡಾಕ್ಟರ್ ಕೆಲಸ ಬಿಟ್ಟಿದ್ದರು. ಹೊಸಬರು ಅಪ್ಪನ ಕಾಲು ಒತ್ತಿ ನೋಡಿ, "ಊತ ಇಲ್ವಲ್ಲ, ಇರ್ಲಿ ಬಿಡಿ, ಏನೂ ಮಾಡಲ್ಲ ಅದು" ಅಂದರು. ಚೀಟಿಯಲ್ಲಿ ಮಾತ್ರೆ ಮುಂದುವರಿಸಿ ಅಂತ ಬರೆದರು. ಫಿಲ್ಟರ್ ಬಗ್ಗೆ ಒಂದಕ್ಷರ ಇಲ್ಲ. ದೊಡ್ಡ ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಊರಿಗೆ ವಾಪಸ್ ಹೋದೆವು.

ಎರಡು ವರ್ಷ ಕಳೆದ ಮೇಲೆ ಅಪ್ಪನಿಗೆ ಹೊಟ್ಟೆನೋವು ಶುರುವಾಯ್ತು. ಬಗ್ಗಿದರೆ ಜಾಸ್ತಿ. "ಒಳಗೆ ಏನೋ ಚುಚ್ತಾ ಇದೆ ಕಣಮ್ಮ" ಅನ್ನೋರು. ಗ್ಯಾಸ್ ಅಂತ ಮಾತ್ರೆ ಕೊಟ್ಟರು, ಬೆನ್ನಿಗೆ ಅಂತ ಬೆಲ್ಟ್ ಕೊಟ್ಟರು. ಕೊನೆಗೆ ಸಿಟಿ ಸ್ಕ್ಯಾನ್. ಸ್ಕ್ಯಾನ್ ಸೆಂಟರ್ ಡಾಕ್ಟರ್ ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಫಿಲ್ಟರ್ ವಾಲಿಕೊಂಡಿತ್ತು. ಕಡ್ಡಿಗಳು ನಾಳದ ಗೋಡೆ ದಾಟಿ ಹೊರಗೆ ಬಂದಿದ್ದವು, ಒಂದರ ತುದಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ತಾಗಿಕೊಂಡಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರಿ?"

ಇಟ್ಕೊಂಡಿದ್ದೀವಾ ನಾವು!

ಅವತ್ತು ರಾತ್ರಿ ಕೂತು ಓದಿದೆ. ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಕೆ ಕೊಟ್ಟಿದೆ. 2005ರಿಂದ ಅವರಿಗೆ ಬಂದಿದ್ದ ದೂರು 921. ಅದರಲ್ಲಿ 328 ಫಿಲ್ಟರ್ ಜಾಗ ಬಿಟ್ಟು ಸರಿದದ್ದು, 146 ಚೂರು ಕಳಚಿಕೊಂಡು ಹೋದದ್ದು, 70 ನಾಳ ತೂತಾದದ್ದು, 56 ಫಿಲ್ಟರ್ ಮುರಿದದ್ದು. 2014ರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ. ಶ್ವಾಸಕೋಶಕ್ಕೆ ಕ್ಲಾಟ್ ಹೋಗುವ ಭಯ ಕಳೆದಿದ್ದರೆ, ಹಾಕಿ 29ರಿಂದ 54 ದಿನ ಆಗುವಷ್ಟರಲ್ಲಿ ಇಟ್ಟುಕೊಳ್ಳುವುದಕ್ಕಿಂತ ತೆಗೆಸುವುದೇ ಮೇಲು ಅಂತ ಅವರ ಲೆಕ್ಕ. ಫ್ರಾನ್ಸ್‌ನಲ್ಲಿ 400 ರೋಗಿಗಳ ಮೇಲೆ ಮಾಡಿದ ಅಧ್ಯಯನ 1998ರಲ್ಲೇ ಬಂದಿದೆ. ಎರಡು ವರ್ಷದ ಹೊತ್ತಿಗೆ ಕಾಲಲ್ಲಿ ಮತ್ತೆ ಕ್ಲಾಟ್ ಆದದ್ದು ಫಿಲ್ಟರ್ ಹಾಕಿಸಿಕೊಂಡವರಲ್ಲೇ ಜಾಸ್ತಿ, ನೂರಕ್ಕೆ ಸುಮಾರು 21. ಹಾಕಿಸಿಕೊಳ್ಳದವರಲ್ಲಿ ಸುಮಾರು 12. "ಏನೂ ಮಾಡಲ್ಲ ಅದು" ಅಂದರಲ್ಲ, ಅವರು ಇದನ್ನು ಓದಿರಲಿಲ್ವಾ? ಅಮೆರಿಕದಲ್ಲಿ ಫಿಲ್ಟರ್ ಕಂಪನಿಗಳ ಮೇಲೆ ಸಾವಿರಾರು ಕೇಸ್ ಬಿದ್ದಿವೆ. 2018ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜ್ಯೂರಿ ಬಾರ್ಡ್ ಕಂಪನಿಗೆ 36 ಲಕ್ಷ ಡಾಲರ್ ಕಟ್ಟಲು ಹೇಳಿತು. ಮುರಿದ ಕಡ್ಡಿ ಒಬ್ಬ ಹೆಂಗಸಿನ ಹೃದಯಕ್ಕೆ ಹೋಗಿತ್ತು. ಕಂಪನಿಯ ತಪ್ಪು ಏನು ಅಂದರೆ, ಮೊದಲೇ ಸರಿಯಾಗಿ ಎಚ್ಚರಿಸಲಿಲ್ಲ ಅನ್ನೋದು. ಅಪ್ಪನ ಫಿಲ್ಟರ್ ಆ ಕಂಪನಿಯದಲ್ಲ, ಅದು ಬೇರೆ ಮಾತು.

ಈಗ ಆಸ್ಪತ್ರೆಯವರ ಉತ್ತರಗಳು ಕೇಳಿ. ಮೊದಲು ಹೆಲ್ಪ್ ಡೆಸ್ಕ್: "ಆ ಡಾಕ್ಟ್ರು ಈಗ ಇಲ್ಲಿಲ್ಲ ಮೇಡಂ." ಗೊತ್ತು, ಆಮೇಲೆ? "ನೀವು ಮೆಡಿಕಲ್ ರೆಕಾರ್ಡ್ಸ್‌ಗೆ ಹೋಗಿ." ಅಲ್ಲಿ: "ಅರ್ಜಿ ಕೊಟ್ಟು ಹೋಗಿ, ಫೋನ್ ಮಾಡ್ತೀವಿ." ಮಾಡಲಿಲ್ಲ. ಕೊನೆಗೆ ಆಡಳಿತದ ಕಡೆಯ ಒಬ್ಬರು ಕೂರಿಸಿ, ಡಿಸ್ಚಾರ್ಜ್ ಸಮ್ಮರಿಯ ಕೊನೇ ಪುಟ ತಿರುಗಿಸಿ, ಮಾತ್ರೆಗಳ ಪಟ್ಟಿಯ ಕೆಳಗೆ ಬೆರಳಿಟ್ಟರು. ಇಂಗ್ಲಿಷ್‌ನಲ್ಲಿ ಅರ್ಧ ಸಾಲು. ಫಿಲ್ಟರ್ ತೆಗೆಯುವ ಬಗ್ಗೆ ಸಲಹೆಯಂತೆ ಬರುವುದು. ಯಾರ ಸಲಹೆ? ತಾರೀಖು ಇಲ್ಲ, ಯಾವ ವಿಭಾಗ ಅಂತಲೂ ಇಲ್ಲ.

"ನಾವು ಬರೆದಿದ್ದೀವಿ, ನೀವೇ ಬರಲಿಲ್ಲ."

ಬಂದಿದ್ದೆವು. ವ್ಯಾಸ್ಕುಲರ್ ಓಪಿಡಿ ರಸೀದಿ ತೆಗೆದು ಮೇಜಿನ ಮೇಲಿಟ್ಟೆ. ಕಂಪ್ಯೂಟರ್ ನೋಡಿ, "ಆ ದಿನ ಫಿಲ್ಟರ್ ಬಗ್ಗೆ ನೀವು ಕೇಳಿದ ದಾಖಲೆ ಇಲ್ವಲ್ಲಾ" ಅಂದರು. ಬರೆಯಬೇಕಾದವರು ಅವರು, ದಾಖಲೆ ಇಲ್ಲದಿದ್ದರೆ ತಪ್ಪು ನಮ್ಮದು! ಅಲ್ಲಿಯವರೆಗೆ ಮೇಡಂ ಅಂತಿದ್ದವರು ಅಷ್ಟೊತ್ತಿಗೆ "ನೋಡಮ್ಮಾ" ಅಂತ ಶುರು ಮಾಡಿದ್ದರು. "ನೋಡಮ್ಮಾ, ಓದಿದವಳ ಥರ ಕಾಣ್ತೀಯ, ಸಮ್ಮರಿ ಓದ್ಬೇಕಿತ್ತು ತಾನೇ?" ಪಕ್ಕದ ಕುರ್ಚಿಯಲ್ಲಿ ಅಪ್ಪ. ಸುತ್ತ ಜನ. ಮುಖ ಬಿಸಿಯಾಯ್ತು, ಬಾಯಿಗೆ ಮಾತೇ ಬರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಆಮೇಲೆ "ಸ್ಪೆಷಲ್ ಕೇಸ್" ಅಂತ ತೆಗೆಯುವುದಕ್ಕೆ ಡಿಸ್ಕೌಂಟ್ ಕೊಟ್ಟರು. ಡಿಸ್ಕೌಂಟ್ ಅಂತೆ! ಅಪ್ಪನ ನೋವು ನೋಡಲಾರದೆ ಒಪ್ಪಿದೆವು. ಕುತ್ತಿಗೆಯಿಂದ ಇಳಿದು ಬಹಳ ಹೊತ್ತು ಪ್ರಯತ್ನಪಟ್ಟರು. ಕೊಕ್ಕೆ ಗೋಡೆಯಲ್ಲಿ ಹೂತಿದೆ, ಬರ್ತಾ ಇಲ್ಲ ಅಂತ ಕೈ ಬಿಟ್ಟರು. ಬಿಲ್ ಮಾತ್ರ ಪೂರ್ತಿ. ಕೇಳಿದ್ದಕ್ಕೆ "ಪ್ರೊಸೀಜರ್ ಮಾಡಿದ್ದೀವಲ್ಲ."

ಬೇರೆ ಕಡೆ, ಇಂಥ ಹಳೇ ಫಿಲ್ಟರ್‌ಗಳನ್ನು ತೆಗೆದು ಅಭ್ಯಾಸ ಇರುವ ಇಂಟರ್ವೆನ್ಷನಲ್ ರೇಡಿಯಾಲಜಿ (ಪರದೆಯಲ್ಲಿ ನೋಡಿಕೊಂಡು ನಾಳದೊಳಗೆ ಉಪಕರಣ ಇಳಿಸಿ ಚಿಕಿತ್ಸೆ ಮಾಡುವ ವಿಭಾಗ) ಡಾಕ್ಟರ್ ಒಬ್ಬರು ಸಣ್ಣ ಇಕ್ಕಳದಂಥ ಉಪಕರಣ ಇಳಿಸಿ ಬಿಡಿಸಿದರು. ಮೊದಲೇ ಅಪಾಯವನ್ನೆಲ್ಲ ಕನ್ನಡದಲ್ಲಿ ಹೇಳಿದ್ದರು, ನಾಳ ಹರಿಯಬಹುದು, ಕಡ್ಡಿ ಮುರಿಯಬಹುದು ಅಂತ. ಒಂದು ಕಡ್ಡಿಯ ತುದಿ ಮುರಿದು ಗೋಡೆಯಲ್ಲೇ ಉಳಿದಿದೆ. ಕೆದಕುವುದು ಬೇಡ, ಆಗಾಗ ಸ್ಕ್ಯಾನ್ ಮಾಡಿ ನೋಡೋಣ ಅಂದಿದ್ದಾರೆ. ನೋವು ಬಹಳ ಕಮ್ಮಿ ಆಗಿದೆ.

ಫಿಲ್ಟರ್ ಬೇಡವೇ ಬೇಡ ಅಂತ ಹಠ ಮಾಡಬೇಡಿ. ಕೆಲವರಿಗೆ ಅದು ಬೇಕೇ ಬೇಕು, ಕೆಲವರಿಗೆ ಕೊನೆಯವರೆಗೂ ಇರಬೇಕಾಗುತ್ತೆ. ಡಾಕ್ಟರನ್ನು ಕೇಳದೆ ಮಾತ್ರೆಯನ್ನೂ ನಿಲ್ಲಿಸಬೇಡಿ. ಆದರೆ ಸಹಿ ಹಾಕುವಾಗಲೇ ಎರಡು ವಿಷಯ ಬರೆಸಿಕೊಳ್ಳಿ: ತೆಗೆಯುವ ಬಗ್ಗೆ ನೋಡಬೇಕಾದ ತಾರೀಖು, ಅದನ್ನು ನೋಡುವ ಡಾಕ್ಟರ್ ಹೆಸರು. ಬಾಯಿಮಾತು ನಂಬಬೇಡಿ. ಓಪಿಡಿಯಲ್ಲಿ ನೀವು ಕೇಳಿದ ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆಯಿರಿ ಅನ್ನಿ, ಮುಖ ಸಿಂಡರಿಸಿದರೆ ಸಿಂಡರಿಸಲಿ. ಫಿಲ್ಟರ್ ಡಬ್ಬಿಯ ಸ್ಟಿಕ್ಕರ್ ಕೇಸ್ ಶೀಟ್‌ಗೆ ಅಂಟಿಸಿರುತ್ತಾರೆ, ಮಾಡೆಲ್ ಮತ್ತು ಲಾಟ್ ನಂಬರ್ ಅದರಲ್ಲೇ ಇರುತ್ತೆ, ಫೋಟೋ ತೆಗೆದುಕೊಳ್ಳಿ. ರೆಕಾರ್ಡ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮವೇ ಇದೆ. ನಾನು ಆ ನಿಯಮ ಬರೆದು ಅರ್ಜಿ ಕೊಟ್ಟ ಮೇಲೇ ಕೇಸ್ ಶೀಟ್ ಹೊರಗೆ ಬಂದಿದ್ದು.

ಖಾಸಗಿ ಆಸ್ಪತ್ರೆ ಮೇಲಿನ ದೂರಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಅಲ್ಲಿಗೆ ಕೊಟ್ಟಿದ್ದೇವೆ. ಆಸ್ಪತ್ರೆಯವರ ಲಿಖಿತ ಉತ್ತರದಲ್ಲಿ "ರೋಗಿಯ ಕಡೆಯವರ ನಿರ್ಲಕ್ಷ್ಯ" ಅಂತಿದೆ. ಓಪಿಡಿ ರಸೀದಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಹೋದ ವಿಚಾರಣೆಗೆ ಅವರ ವಕೀಲರೊಬ್ಬರೇ ಬಂದು ಟೈಮ್ ಕೇಳಿಕೊಂಡು ಹೋದರು.