ಏಳು ವರ್ಷ ಜೇಡ್ ಬಳಸಿದ ಮೇಲೆ: ಊರೂರು ಸುತ್ತುವ ಪ್ರೋಗ್ರಾಮ್

ಇಂಜಿನಿಯರಿಂಗ್ ಕಾಲೇಜಿನಲ್ಲಿ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಪಾಠ ಮಾಡುವವಳು ನಾನು. ಮೊಬೈಲ್ ಏಜೆಂಟ್ ಅಂದರೆ ಓಡುತ್ತಿರುವಾಗಲೇ ಒಂದು ಕಂಪ್ಯೂಟರಿನಿಂದ ಎದ್ದು ಇನ್ನೊಂದಕ್ಕೆ ಹೋಗಿ ಕೆಲಸ ಮುಂದುವರಿಸುವ ಪ್ರೋಗ್ರಾಮ್. ಇದನ್ನು ಹಲಗೆಯ ಮೇಲೆ ಬರೆದು ಹೇಳಿದರೆ ಯಾರಿಗೂ ನಾಟುವುದಿಲ್ಲ, ಕಣ್ಣಾರೆ ಕಾಣಬೇಕು. ಅದಕ್ಕಾಗಿ ಏಳು ವರ್ಷದಿಂದ ನಮ್ಮ ಲ್ಯಾಬಿನಲ್ಲಿ ಜೇಡ್ ಇದೆ. ಟೆಲಿಕಾಂ ಇಟಾಲಿಯಾದ ಸಂಶೋಧಕರು ಕಟ್ಟಿ 2000ದಲ್ಲಿ ಮುಕ್ತವಾಗಿ ಬಿಟ್ಟ, ಇಂಥ ಏಜೆಂಟ್‌ಗಳನ್ನು ಓಡಿಸುವ ಜಾವಾ ಭಾಷೆಯ ತಂತ್ರಾಂಶ ಇದು. ನಾವು ಬಳಸುವುದು 2017ರ 4.5 ಆವೃತ್ತಿ. ಹುಡುಗರ ಬಾಯಲ್ಲಿ ಇದು ‘ಜೇಡ’ ಆಗಿದೆ, ಹೆಸರು ಒಪ್ಪುತ್ತದೆ ಕೂಡ.

ಹಾಕಿಕೊಳ್ಳುವುದು ಸುಲಭ, ಒಂದೇ ಜಾರ್ ಫೈಲ್. ಏಜೆಂಟ್‌ಗಳು ಓಡುವ ಜಾಗಕ್ಕೆ ಕಂಟೇನರ್ ಎಂದು ಹೆಸರು: ಒಂದು ಯಂತ್ರದಲ್ಲಿ ಮೇನ್ ಕಂಟೇನರ್, ಉಳಿದವುಗಳಲ್ಲಿ ಅದಕ್ಕೆ ಸೇರಿಕೊಳ್ಳುವ ಕಂಟೇನರ್‌ಗಳು, ಎಲ್ಲ ಸೇರಿ ಒಂದು ವೇದಿಕೆ. ಯಾವ ಏಜೆಂಟ್ ಎಲ್ಲಿದೆ ಅನ್ನುವುದು ಕಿಟಕಿಯಲ್ಲಿ ಕಾಣುತ್ತದೆ. ನಮ್ಮ ಮೊದಲ ಪ್ರಯೋಗ ಯಾವಾಗಲೂ ಒಂದೇ: 30 ಯಂತ್ರಗಳ ಲಾಗ್ ಫೈಲ್‌ಗಳನ್ನು (ಯಂತ್ರದಲ್ಲಿ ನಡೆದದ್ದರ ದಾಖಲೆಗಳನ್ನು) ಒಂದು ಕಡೆ ಎಳೆದು ತರುವ ಬದಲು ಒಂದು ಪುಟ್ಟ ಏಜೆಂಟ್ ಪ್ರತಿ ಯಂತ್ರಕ್ಕೂ ಹೋಗಿ, ಅಲ್ಲೇ ಓದಿ, ಎಣಿಕೆಯನ್ನು ಮಾತ್ರ ಹೊತ್ತು ಬರುತ್ತದೆ. ಹೋಗಿ ಇಳಿದ ಯಂತ್ರದಲ್ಲಿ ಆ ಏಜೆಂಟಿನ ಕ್ಲಾಸ್ ಫೈಲ್, ಅಂದರೆ ಅದರ ಕೋಡ್, ಇರಬೇಕಾಗಿಲ್ಲ, ಬೇಕಾದ್ದನ್ನು ಜೇಡ್ ಹೊರಟ ಜಾಗದಿಂದಲೇ ತರಿಸಿಕೊಳ್ಳುತ್ತದೆ. ಖಾಲಿ ಯಂತ್ರದ ಪರದೆಯ ಮೇಲೆ ತಾವು ಬರೆದ ಸಾಲು ಮೂಡಿದಾಗ ಹುಡುಗರು ಕುರ್ಚಿ ಬಿಟ್ಟು ಏಳುತ್ತಾರೆ.

ಆದರೆ ಪಾಠ ಶುರುವಾಗುವುದು ಆಮೇಲೆ. ಪ್ರತಿ ವರ್ಷ ಯಾರಾದರೂ ಏಜೆಂಟಿಗೆ ‘ಹೊರಡು’ ಎನ್ನುವ ‘ಡುಮೂವ್’ ಕರೆದು, ಅದರ ಕೆಳಗಿನ ಸಾಲಿನಲ್ಲಿ ‘ಬಂದು ಸೇರಿದೆ’ ಎಂದು ಅಚ್ಚು ಹಾಕಿಸುತ್ತಾರೆ. ಆ ಮಾತು ಮೂಡುವುದು ಹಳೆಯ ಯಂತ್ರದಲ್ಲೇ! ‘ಡುಮೂವ್’ ಹೊರಡುವ ತಯಾರಿಯಷ್ಟೇ. ಕೈಯಲ್ಲಿರುವ ಆಕ್ಷನ್, ಅಂದರೆ ಆ ಹೊತ್ತಿನ ಕೆಲಸದ ತುಂಡು, ಪೂರ್ತಿ ಮುಗಿದ ಮೇಲೆಯೇ ಏಜೆಂಟ್ ಹೊರಡುತ್ತದೆ. ಜಾವಾದ ಸ್ಟ್ಯಾಕ್, ಅಂದರೆ ಓಟ ಯಾವ ಸಾಲಿನಲ್ಲಿದೆ ಎಂಬ ಲೆಕ್ಕ, ಜೊತೆಯಲ್ಲಿ ಹೋಗುವುದಿಲ್ಲ, ಹೋಗುವುದು ವಸ್ತುವಿನ ದತ್ತಾಂಶ ಮಾತ್ರ. ಹೊಸ ಜಾಗದಲ್ಲಿ ಎಚ್ಚರವಾಗುವುದು ಇಳಿದೊಡನೆ ಓಡುವ ‘ಆಫ್ಟರ್‌ಮೂವ್’ನಲ್ಲಿ. ಏಜೆಂಟಿನೊಳಗೆ ಒಂದು ಸ್ಕ್ಯಾನರ್ (ಇನ್‌ಪುಟ್ ಓದುವ ಜಾವಾ ವಸ್ತು) ಇಟ್ಟುಕೊಂಡಿದ್ದರೂ ಸೀರಿಯಲೈಸ್ ಆಗದೆ, ಅಂದರೆ ಕಳಿಸಬಲ್ಲ ಬೈಟ್‌ಗಳಾಗಿ ಬದಲಾಗದೆ, ಪಯಣವೇ ನಿಲ್ಲುತ್ತದೆ. ಅಂಥದ್ದಕ್ಕೆ ‘ಟ್ರಾನ್ಸಿಯೆಂಟ್’ ಎಂದು ಬರೆದು ಇಲ್ಲೇ ಬಿಟ್ಟು, ಅಲ್ಲಿ ಹೊಸದಾಗಿ ತೆರೆಯಬೇಕು. ಯಾವುದನ್ನು ಹೊತ್ತೊಯ್ಯಬೇಕು, ಯಾವುದನ್ನು ಬಿಟ್ಟುಹೋಗಬೇಕು ಎಂದು ಒಂದೊಂದು ಚರಾಂಶಕ್ಕೂ ಕೇಳಿಕೊಳ್ಳುವ ಈ ಅಭ್ಯಾಸಕ್ಕಾಗಿಯೇ ನಾನು ಜೇಡ್ ಬಿಟ್ಟಿಲ್ಲ.

ನಮ್ಮನ್ನು ಎರಡು ದಿನ ಸತಾಯಿಸಿದ ತೊಂದರೆಯನ್ನೂ ಹೇಳಬೇಕು. ಉಬುಂಟು ಹಾಕಿದ ಯಂತ್ರಗಳು ಪಟ್ಟಿಯಲ್ಲಿ ಸರಿಯಾಗಿ ಕಾಣುತ್ತಿದ್ದವು, ಏಜೆಂಟ್ ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ. ಕೊನೆಗೆ, ಯಂತ್ರಗಳ ಹೆಸರಿಗೆ ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲ್ ತೆರೆದೆವು. ಯಂತ್ರದ ಹೆಸರಿನ ಎದುರು 127.0.1.1 ಅಂತ ಇತ್ತು, ಅಂದರೆ ‘ಇದೇ ಯಂತ್ರ’. ಕಂಟೇನರ್ ತನ್ನ ವಿಳಾಸ ಎಂದು ಅದನ್ನೇ ಎಲ್ಲರಿಗೂ ಕೊಡುತ್ತಿತ್ತು, ಅಲ್ಲಿಗೆ ಹೊರಟವರು ತಮ್ಮ ಮನೆ ಬಾಗಿಲನ್ನೇ ತಟ್ಟುತ್ತಿದ್ದರು. ಶುರು ಮಾಡುವಾಗ ‘ಲೋಕಲ್-ಹೋಸ್ಟ್’ ಆಯ್ಕೆಯಲ್ಲಿ ನಿಜವಾದ ಐಪಿ ಕೊಟ್ಟ ಮೇಲೆ ಸರಿಹೋಯಿತು. ಯಾರೇ ಹೊಸದಾಗಿ ಹಾಕಿಕೊಳ್ಳುವುದಿದ್ದರೂ ಮೊದಲು ಇದನ್ನು ನೋಡಿಕೊಳ್ಳಿ.

ಮೇನ್ ಕಂಟೇನರ್ ಓಡುವ ಯಂತ್ರಕ್ಕೆ ಯುಪಿಎಸ್ ಇರಲಿ. ಏಜೆಂಟ್‌ಗಳ ಲೆಕ್ಕ ಇಡುವವನೂ ಸೇವೆಗಳ ವಿಳಾಸ ಹೇಳುವವನೂ ಇರುವುದು ಅಲ್ಲೇ, ಕರೆಂಟ್ ಹೋದರೆ ಇಡೀ ವೇದಿಕೆ ದಿಕ್ಕಿಲ್ಲದಂತಾಗುತ್ತದೆ. ಮೇನ್ ಕಂಟೇನರಿನ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ಇಡುವ ಸೇವೆ ಇದೆ, ಅದನ್ನು ನಾವೇ ಚಾಲೂ ಮಾಡಬೇಕು. ಇನ್ನೊಂದು ಮಿತಿ: ಒಂದು ವೇದಿಕೆಯಿಂದ ಇನ್ನೊಂದು ವೇದಿಕೆಗೆ ಹೋಗಲು ಪ್ರತ್ಯೇಕ ಆಡ್-ಆನ್ ಬೇಕು.

ನನಗೆ ನಿಜಕ್ಕೂ ಆತಂಕ ಇರುವುದು ಭದ್ರತೆಯ ಬಗ್ಗೆ. ಬಂದ ಹಾಗೆಯೇ ಬಳಸಿದರೆ ಮೇನ್ ಕಂಟೇನರ್ ಕಿವಿಗೊಡುವ 1099 ಪೋರ್ಟ್ ಮುಟ್ಟಲು ಸಾಧ್ಯವಿರುವ ಯಾರು ಬೇಕಾದರೂ ಗುರುತು ಹೇಳದೆ ಕಂಟೇನರ್ ಜೋಡಿಸಬಹುದು, ತಮ್ಮ ಕೋಡ್ ಕಳಿಸಬಹುದು. ಇದಕ್ಕೆ ಬೇರೆ ಆಡ್-ಆನ್ ಇದೆ. ಆದರೆ ಏಜೆಂಟ್ ಹೋಗಿ ಇಳಿದ ಯಂತ್ರವೇ ಕೆಟ್ಟದ್ದಾದರೆ ಅದು ಹೊತ್ತಿರುವುದನ್ನೆಲ್ಲ ಆ ಯಂತ್ರ ಓದಬಲ್ಲದು, ಇದು ಮೊಬೈಲ್ ಏಜೆಂಟ್ ಎಂಬ ವಿಚಾರಕ್ಕೇ ಅಂಟಿದ ಸಮಸ್ಯೆ. ಹಾಗಾಗಿ ನಮ್ಮ 30 ಯಂತ್ರಗಳ ಸ್ವಿಚ್ಚನ್ನು ಕಾಲೇಜಿನ ಉಳಿದ ನೆಟ್‌ವರ್ಕಿಗೆ ಜೋಡಿಸಿಲ್ಲ. ಜೇಡ್ ಓಡುವುದು ಆ ಕೋಣೆಯೊಳಗೆ ಮಾತ್ರ.