ಕಿವಿಮೊರೆತವಿರುವ ಶೂಟರ್‌ಗೆ ಫೋಮ್ ಪ್ಲಗ್ಗೋ, ಇಯರ್‌ಮಫ್ಫೋ?

ಕಿವಿಮೊರೆತ ಇರುವವರು ಶೂಟಿಂಗ್ ರೇಂಜಿಗೆಂದು ಕಿವಿರಕ್ಷಕ ಕೊಳ್ಳುವಾಗ ಡಬ್ಬಿಯ ಮೇಲಿರುವ, ಸದ್ದು ಎಷ್ಟು ಡೆಸಿಬೆಲ್ ತಗ್ಗುತ್ತದೆಂದು ಹೇಳುವ ಎನ್‌ಆರ್‌ಆರ್ ಅಂಕಿಯನ್ನೇ ಮೊದಲು ನೋಡುತ್ತಾರೆ. ಅಂಕಿ ಹೆಚ್ಚಿದ್ದಷ್ಟೂ ಕಿವಿ ಸುರಕ್ಷಿತ ಎಂಬುದು ಲೆಕ್ಕ. ಎಡಗಿವಿಯಲ್ಲಿ ಸದಾ ಸಣ್ಣ ಸಿಳ್ಳೆ ಕೇಳುವ ನಾನು ಬೆಂಗಳೂರಿನ ಒಂದು ಒಳಾಂಗಣ ರೇಂಜಿನಲ್ಲಿ ಪಾಯಿಂಟ್ ಟೂಟೂ (0.22 ಇಂಚು ವ್ಯಾಸದ ಗುಂಡಿನ) ರೈಫಲ್ ಮತ್ತು ಪಿಸ್ತೂಲಿನ ಅಭ್ಯಾಸಕ್ಕೆ ಬೇರೆ ಬೇರೆ ರಕ್ಷಕಗಳನ್ನು ಬಳಸಿ ನೋಡಿದ ಮೇಲೆ, ಎರಡು ಗುಂಡುಗಳ ನಡುವೆ ಕಿವಿಗೆ ಏನು ಕೇಳಿಸುತ್ತದೆ ಎಂಬುದೂ ಆ ಅಂಕಿಯಷ್ಟೇ ಮುಖ್ಯ ಎಂಬ ನಿಲುವಿಗೆ ಬಂದಿದ್ದೇನೆ.

ಪಾಯಿಂಟ್ ಟೂಟೂ ರೈಫಲಿನ ಸದ್ದು ಗರಿಷ್ಠ ಮಟ್ಟದಲ್ಲಿ ಸುಮಾರು 140 ಡೆಸಿಬೆಲ್ ಮುಟ್ಟುತ್ತದೆ. ನಳಿಗೆ ಗಿಡ್ಡವಾಗಿರುವ ಪಿಸ್ತೂಲಿನದು ಅದಕ್ಕಿಂತ ಹೆಚ್ಚು. ಹನ್ನೆರಡು ಬೋರಿನ ಬಂದೂಕಿನದು 150ರಿಂದ 160ರ ಆಸುಪಾಸು. ಹಠಾತ್ ಸದ್ದಿಗೆ 140 ಡೆಸಿಬೆಲ್ಲನ್ನೇ ಮೀರಬಾರದ ಗಡಿಯೆಂದು ಇಟ್ಟುಕೊಳ್ಳುವುದು ರೂಢಿ. ಪ್ರತಿ ಹತ್ತು ಡೆಸಿಬೆಲ್ ಏರಿಕೆಗೂ ಸದ್ದಿನ ಶಕ್ತಿ ಹತ್ತುಪಟ್ಟಾಗುವುದರಿಂದ ಈ ಅಂತರಗಳು ಸಣ್ಣವಲ್ಲ. ಕಾಂಕ್ರೀಟ್ ಗೋಡೆಗಳ ಒಳಾಂಗಣದಲ್ಲಿ ಪಕ್ಕದ ಲೇನಿನ ಗುಂಡೂ ನಮ್ಮ ಕಿವಿಯ ಪಾಲಿಗೆ ಬರುತ್ತದೆ. ಬಲಗೈ ರೈಫಲ್ ಶೂಟರ್‌ನ ಎಡಗಿವಿ ನಳಿಗೆಯ ಕಡೆಗೆ ತೆರೆದಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಹಾನಿ ಎಡಗಡೆಯೇ ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಹತ್ತು ಮೀಟರಿನ ಏರ್ ರೈಫಲ್ ಅಭ್ಯಾಸಕ್ಕೆ ಮಾತ್ರ ಬರುವವರಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ; ಕಿವಿಯನ್ನು ಹೊರಗಿನಿಂದ ಮುಚ್ಚುವ ಒಂದು ಹಗುರವಾದ ಇಯರ್‌ಮಫ್ ಸಾಕು.

ಮೊದಲು ಫೋಮ್ ಪ್ಲಗ್. ಪೀಣ್ಯದ ಕಾರ್ಖಾನೆಗಳ ಕೆಲಸಗಾರರು ಬಳಸುವಂಥ 3ಎಂ 1100 ಪ್ಲಗ್ಗಿನ ಎನ್‌ಆರ್‌ಆರ್ 29. ಬೆಲೆಯಲ್ಲಿ ಇದಕ್ಕೆ ಸಾಟಿಯಿಲ್ಲ, ಕೆನ್ನೆ ಆನಿಸುವ ರೈಫಲಿನ ಸ್ಟಾಕಿಗೂ ಕನ್ನಡಕದ ಕಡ್ಡಿಗೂ ಅಡ್ಡಬರುವುದಿಲ್ಲ. ಆದರೆ ಆ ಅಂಕಿ ಬಂದಿರುವುದು ಪ್ರಯೋಗಾಲಯದಲ್ಲಿ, ಸರಿಯಾಗಿ ತೊಡಿಸಿ, ಒಂದೇ ಸಮನೆ ಬರುವ ಸದ್ದಿನಲ್ಲಿ ಅಳೆದಾಗ. ಅಮೆರಿಕದ ಔದ್ಯೋಗಿಕ ಸುರಕ್ಷತೆ-ಆರೋಗ್ಯ ಸಂಸ್ಥೆಯಾದ ನಿಯಾಶ್ ವಾಸ್ತವದ ಬಳಕೆಗೆ ಫೋಮ್ ಪ್ಲಗ್ಗಿನ ಅಂಕಿಯನ್ನು ಅರ್ಧಕ್ಕೆ ಇಳಿಸಿ, ಇಯರ್‌ಮಫ್ಫಿನದರಲ್ಲಿ ಕಾಲು ಭಾಗ ಕಳೆದು ನೋಡಲು ಹೇಳುತ್ತದೆ. ಪ್ಲಗ್ಗನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳು ಒತ್ತಿ ಹಿಡಿಯದಿದ್ದರೆ ಆ ಅರ್ಧವೂ ದಕ್ಕುವುದಿಲ್ಲ. ರೇಂಜಿನಲ್ಲಿ ಅರ್ಧ ಪ್ಲಗ್ ಹೊರಗೆ ಚಾಚಿಕೊಂಡೇ ಗುಂಡು ಹಾರಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಎರಡನೆಯದು ಸಾದಾ ಇಯರ್‌ಮಫ್. ನಾನು ಬಳಸಿದ ಪೆಲ್ಟರ್ ಆಪ್ಟೈಮ್ 105ರ ಎನ್‌ಆರ್‌ಆರ್ 30. ಕೇವಲ ಅಂಕಿ ನೋಡಿದರೆ ಇದೇ ಗೆಲ್ಲಬೇಕು, ಪಿಸ್ತೂಲಿಗಂತೂ ತೃಪ್ತಿಕರವಾಗಿದೆ. ರೈಫಲಿಗೆ ಕೆನ್ನೆ ಆನಿಸಿದಾಗ ಮಾತ್ರ ಇದರ ದಪ್ಪ ಬಟ್ಟಲು ಸ್ಟಾಕಿಗೆ ತಗುಲಿ ಮೇಲೇಳುತ್ತದೆ, ಕನ್ನಡಕದ ಕಡ್ಡಿಯ ಬಳಿ ಸಂದು ಬಿಡುತ್ತದೆ, ಏಪ್ರಿಲ್ ತಿಂಗಳಿನಲ್ಲಿ ಬಟ್ಟಲಿನ ಅಂಚಿನ ದಿಂಬಿನ ಕೆಳಗೆ ಬೆವರು ಇಳಿಯುತ್ತದೆ. ಇವೆಲ್ಲ ಸಹಿಸಬಹುದಾದ ತೊಂದರೆಗಳು. ಕಿವಿಮೊರೆತ ಇರುವವರಿಗೆ ನಿಜವಾದ ತೊಡಕು ಅದು ಕೊಡುವ ನಿಶ್ಶಬ್ದವೇ: ಹೊರಗಿನ ಸದ್ದೆಲ್ಲ ಅಡಗಿದಾಗ ಒಳಗಿನ ಸಿಳ್ಳೆಯೊಂದೇ ಉಳಿದು ಎದ್ದು ಕೇಳತೊಡಗುತ್ತದೆ, ಕೋಚ್ ಹೇಳಿದ್ದು ತಿಳಿಯುವುದಿಲ್ಲ, ಬಟ್ಟಲನ್ನು ಒಂದು ಗಳಿಗೆ ಎತ್ತಿ ಕೇಳೋಣವೆನಿಸುತ್ತದೆ. ಆ ಗಳಿಗೆಯಲ್ಲೇ ಪಕ್ಕದ ಲೇನಿನಲ್ಲಿ ಗುಂಡು ಹಾರಿದರೆ 30ರ ಅಂಕಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ಮೂರನೆಯದಾದ ಎಲೆಕ್ಟ್ರಾನಿಕ್ ಇಯರ್‌ಮಫ್ ಈ ಕೊರತೆಯನ್ನು ನೀಗಿಸುತ್ತದೆ. ಹೊವರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್ ಹೊರಗಿನ ಮೈಕುಗಳಿಂದ ಮಾತನ್ನು ಹಿಗ್ಗಿಸಿ ಕೇಳಿಸುತ್ತದೆ, ಸದ್ದು 82 ಡೆಸಿಬೆಲ್ ದಾಟಿದೊಡನೆ ಹಿಗ್ಗಿಸುವುದನ್ನು ನಿಲ್ಲಿಸುತ್ತದೆ. ಬಟ್ಟಲು ತೆಳುವಾಗಿರುವುದರಿಂದ ಸ್ಟಾಕಿಗೂ ಅಷ್ಟಾಗಿ ತಗುಲುವುದಿಲ್ಲ. ಗುಂಡಿನ ಸದ್ದನ್ನು ವಿದ್ಯುನ್ಮಂಡಲವೇ ಅಳಿಸಿಹಾಕುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ, ತಡೆಯುವುದು ಬಟ್ಟಲು ಮಾತ್ರ, ಅದರ ಎನ್‌ಆರ್‌ಆರ್ 22. ಒಳಾಂಗಣದಲ್ಲಿ ಪಿಸ್ತೂಲಿಗೆ ಇದೊಂದನ್ನೇ ತೊಡುವುದನ್ನು ನಾನು ಒಪ್ಪುವುದಿಲ್ಲ. ಮೈಕುಗಳ ಸಣ್ಣ ಹಿಸ್ ಸದ್ದು ಕೆಲವರ ಮೊರೆತವನ್ನು ಮುಚ್ಚಿ ಹಿತವೆನಿಸಬಹುದು. ನನ್ನ ಸಿಳ್ಳೆಗೆ ಅದು ಶ್ರುತಿ ಹಿಡಿದಂತಾಗಿ ಕಿರಿಕಿರಿಯಾಯಿತು.

ಕಿವಿಯ ಅಚ್ಚು ತೆಗೆದು ಮಾಡಿಸುವ ಪ್ಲಗ್ ಪ್ರತಿ ಸಲವೂ ಒಂದೇ ರೀತಿ ಕೂರುತ್ತದೆ ಎಂಬುದು ದೊಡ್ಡ ಅನುಕೂಲ, ಆದರೆ ಒಳ್ಳೆಯ ಫೋಮಿಗಿಂತ ಹೆಚ್ಚು ತಡೆಯುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಮೆಲುಸದ್ದನ್ನು ಒಳಬಿಡುವ ಸಣ್ಣ ರಂಧ್ರದ ಫಿಲ್ಟರ್ ಪ್ಲಗ್ಗುಗಳು ಬಯಲಿನ ಬೇಟೆಗೆ ಸರಿಹೋಗಬಹುದು. ಈಗಾಗಲೇ ಪೆಟ್ಟು ತಿಂದ ಕಿವಿಗೆ, ನಾಲ್ಕು ಗೋಡೆಯೊಳಗೆ, ಬೇಡ.

ನಾನು ಉಳಿಸಿಕೊಂಡಿರುವುದು ಜೋಡಿಯನ್ನು: ಒಳಗೆ ಫೋಮ್, ಮೇಲೆ ಎಲೆಕ್ಟ್ರಾನಿಕ್ ಮಫ್, ಅದರ ದನಿ ಸಾಕಷ್ಟು ಏರಿಸಿ. ಎರಡನ್ನು ತೊಟ್ಟರೆ 29ಕ್ಕೆ 22 ಕೂಡಿ 51 ಆಗುವುದಿಲ್ಲ. ಹೆಚ್ಚಿನ ಅಂಕಿಗೆ ಸುಮಾರು ಐದು ಸೇರಿಸುವುದು ವಾಡಿಕೆ, ಏಕೆಂದರೆ ಸದ್ದು ತಲೆಬುರುಡೆಯ ಮೂಲಕವೂ ಒಳಕಿವಿಗೆ ಹೋಗುತ್ತದೆ. ಆದರೂ ಒಂದು ಸರಿಯಾಗಿ ಕೂರದಿದ್ದರೆ ಇನ್ನೊಂದು ಕಾಯುತ್ತದೆ, ಫೋಮಿನಿಂದಾಗಿ ಹಿಸ್ ಸದ್ದು ಕುಗ್ಗುತ್ತದೆ, ರೇಂಜ್ ಆಫೀಸರ್ ‘ಸ್ಟಾಪ್’ ಎಂದದ್ದೂ ಗುಂಡಿನ ಖಾಲಿ ಕೋಶ ನೆಲಕ್ಕೆ ಬಿದ್ದದ್ದೂ ಕೇಳುತ್ತದೆ, ಆ ಸದ್ದುಗಳ ನಡುವೆ ಸಿಳ್ಳೆ ಹಿಂದೆ ಸರಿಯುತ್ತದೆ. ಮಫ್ಫಿನ ದಿಂಬುಗಳು ಗಟ್ಟಿಯಾದರೆ ಬದಲಿಸಬೇಕು. ಅಭ್ಯಾಸದ ನಂತರ ಮೊರೆತ ಏರಿ ಮರುದಿನವೂ ಇಳಿಯದಿದ್ದರೆ ಹೊಸ ಮಫ್ ಹುಡುಕುವ ಬದಲು ಇಎನ್‌ಟಿ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸ್ಪರ್ಧೆಗೆ ಇಳಿಯುವವರಿಗೆ ಒಂದು ತಡೆಯಿದೆ. ಸದ್ದನ್ನು ಗ್ರಹಿಸಿ ಕೇಳಿಸುವ ಸಾಧನವುಳ್ಳ ರಕ್ಷಕವನ್ನು ಶೂಟರ್‌ಗಳು ತೊಡುವುದಕ್ಕೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮ ಅವಕಾಶ ಕೊಡುವುದಿಲ್ಲ. ಹಾಗಾಗಿ ಪಂದ್ಯದ ಅಭ್ಯಾಸಕ್ಕೆ ಫೋಮಿನ ಮೇಲೆ ತೆಳು ಬಟ್ಟಲಿನ ಸಾದಾ ಮಫ್ ತೊಡುತ್ತೇನೆ, ಕೋಚ್ ಜೊತೆ ಮೊದಲೇ ಕೈಸನ್ನೆ ಗೊತ್ತುಮಾಡಿಕೊಂಡಿರುತ್ತೇನೆ.