ಆಲ್ಝೈಮರ್ ತಡೆಯುತ್ತದೆನ್ನುವ ಕ್ಯಾಪ್ಸೂಲು: ಡಬ್ಬಿಯ ಮೇಲಿನ ಒಂದು ಸಾಲಿನ ಬಗ್ಗೆ

ಜಯನಗರ ನಾಲ್ಕನೇ ಬ್ಲಾಕಿನ ಔಷಧದ ಅಂಗಡಿಯೊಂದರಲ್ಲಿ, ಎಪ್ಪತ್ತು ದಾಟಿದ ನಮ್ಮ ಮಾವನವರಿಗಾಗಿ ಕೊಂಡ ಈ ಕ್ಯಾಪ್ಸೂಲಿನ ಡಬ್ಬಿಯ ಮೇಲೆ, ಇದು ಮಿದುಳಿನ ರೋಗನಿರೋಧಕ ಕೋಶಗಳನ್ನು ಶಮನಗೊಳಿಸಿ ಆಲ್ಝೈಮರ್‌ನಿಂದ ಕಾಪಾಡುತ್ತದೆ ಎಂದು ಅಚ್ಚಾಗಿದೆ. ತಿಂಗಳ ಡಬ್ಬಿಗೆ 1,800 ರೂಪಾಯಿ. ಒಳಗಿರುವುದು ಅರಿಶಿನದ ಸಾರ, ಕಾಳುಮೆಣಸಿನ ಸಾರ, ಅಶ್ವಗಂಧ ಮತ್ತು ಬಿ12. ಕ್ಯಾಪ್ಸೂಲು ಚಿಕ್ಕದು, ವಯಸ್ಸಾದವರಿಗೆ ನುಂಗಲು ಸುಲಭ, ಹೊಟ್ಟೆಗೂ ತೊಂದರೆಯಾಗಲಿಲ್ಲ. ನನ್ನ ಆಕ್ಷೇಪವಿರುವುದು ಆ ಒಂದು ಸಾಲಿನ ಮೇಲೆ.

ಅದು ಹೇಳುತ್ತಿರುವುದು ಮೈಕ್ರೋಗ್ಲಿಯಾ ಕೋಶಗಳ ಬಗ್ಗೆ. ಸ್ಪೇನಿನ ವಿಜ್ಞಾನಿ ಪಿಯೋ ದೆಲ್ ರಿಯೋ ಓರ್ತೆಗಾ 1919ರಲ್ಲಿ ಇವನ್ನು ಬೇರೆಯಾಗಿ ಗುರುತಿಸಿದರು. ಭ್ರೂಣದ ಆರಂಭದ ದಿನಗಳಲ್ಲೇ ಮಿದುಳಿಗೆ ಬಂದು ನೆಲೆಸುವ ಈ ಕೋಶಗಳು ತಮ್ಮ ಸಣ್ಣ ಚಾಚುಗಳಿಂದ ಸುತ್ತಲಿನ ಜಾಗವನ್ನು ಸದಾ ತಡಕುತ್ತ, ಸತ್ತ ಕೋಶಗಳನ್ನೂ ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನನ್ನೂ ನುಂಗಿ ತೆಗೆಯುತ್ತವೆ. ಇವುಗಳ ಮೇಲ್ಮೈಯಲ್ಲಿ ಟ್ರೆಮ್2 ಎಂಬ ಗ್ರಾಹಿ, ಅಂದರೆ ಹೊರಗಿನ ಸಂಕೇತಗಳನ್ನು ಹಿಡಿಯುವ ಪ್ರೋಟೀನು, ಇದೆ. ಅದರ ಜೀನಿನ ಒಂದು ಅಪರೂಪದ ರೂಪಾಂತರ ಇರುವವರಲ್ಲಿ ಆಲ್ಝೈಮರ್‌ನ ಅಪಾಯ ಹಲವು ಪಟ್ಟು ಹೆಚ್ಚೆಂದು 2013ರಲ್ಲಿ ತಿಳಿದುಬಂತು. ಆ ರೂಪಾಂತರ ಮಾಡುವುದು ಗ್ರಾಹಿಯ ಕೆಲಸವನ್ನು ಕುಂದಿಸುವುದು. ಹಾಗಿರುವಾಗ ಈ ಕೋಶಗಳನ್ನು ತಣ್ಣಗಾಗಿಸುವುದೇ ರಕ್ಷಣೆ ಎಂದು ಯಾವ ಧೈರ್ಯದಿಂದ ಬರೆದರೋ ತಿಳಿಯದು.

ಇನ್ನೊಂದು ಮುಖವೂ ನಿಜ. ಉದ್ರೇಕಗೊಂಡೇ ಉಳಿದ ಮೈಕ್ರೋಗ್ಲಿಯಾ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ, ಇಲಿಗಳ ಪ್ರಯೋಗಗಳಲ್ಲಿ ನರಕೋಶಗಳ ನಡುವಿನ ಸಂಪರ್ಕಗಳನ್ನೂ ಕಿತ್ತುಹಾಕಿವೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಉದ್ರಿಕ್ತ ಮೈಕ್ರೋಗ್ಲಿಯಾ ಇರುವುದನ್ನು 1988ರಲ್ಲೇ ತೋರಿಸಲಾಗಿತ್ತು. ಆದರೂ ಉರಿಯೂತ ಇಳಿಸುವ ನ್ಯಾಪ್ರೋಕ್ಸೆನ್, ಸೆಲೆಕಾಕ್ಸಿಬ್ ಮಾತ್ರೆಗಳು ಆಲ್ಝೈಮರ್ ತಡೆಯುವ ದೊಡ್ಡ ಪ್ರಯೋಗದಲ್ಲಿ ಫಲ ಕೊಡಲಿಲ್ಲ. ಟ್ರೆಮ್2 ಗ್ರಾಹಿಯನ್ನು ಚುರುಕಾಗಿಸುವ ಪ್ರತಿಕಾಯವೊಂದೂ 2024ರಲ್ಲಿ ವಿಫಲವಾಯಿತು. ರೋಗದ ಯಾವ ಹಂತದಲ್ಲಿ ಇವನ್ನು ಎಬ್ಬಿಸಬೇಕು, ಯಾವಾಗ ಸುಮ್ಮನಾಗಿಸಬೇಕು ಎಂಬುದು ಇನ್ನೂ ಸಂಶೋಧನೆಯ ಪ್ರಶ್ನೆ.

ಅರಿಶಿನದ ವಿಚಾರದಲ್ಲಿ ತಯಾರಕರು ಒಂದು ಕೆಲಸ ಸರಿಯಾಗಿ ಮಾಡಿದ್ದಾರೆ. ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ದೇಹಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಮನುಷ್ಯರಲ್ಲಿ ಅದರ ಲಭ್ಯತೆ ಶೇ 2,000ರಷ್ಟು ಏರುತ್ತದೆಂದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೇ 1998ರಲ್ಲಿ ಪ್ರಕಟಿಸಿದ್ದರು. ಹೆಮ್ಮೆಯ ಸಂಗತಿ. ಆದರೆ ರಕ್ತಕ್ಕೆ ಸೇರಿದ್ದೆಲ್ಲ ಮಿದುಳನ್ನು ಮುಟ್ಟಿ ಮರೆವನ್ನು ತಡೆಯುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ. ಆಲ್ಝೈಮರ್ ರೋಗಿಗಳಿಗೆ 24 ವಾರ ಕರ್ಕ್ಯುಮಿನ್ ಕೊಟ್ಟು ನೋಡಿದ, 2012ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ.

ಡಬ್ಬಿಯ ಹಿಂಬದಿಯಲ್ಲಿ, ಭೂತಗನ್ನಡಿ ಬೇಕೆನಿಸುವಷ್ಟು ಸಣ್ಣ ಅಕ್ಷರದಲ್ಲಿ, ‘ಔಷಧೀಯ ಬಳಕೆಗೆ ಅಲ್ಲ’ ಎಂದಿದೆ. ಆಹಾರ ಪೂರಕಗಳಿಗೆ ಕಾನೂನು ವಿಧಿಸಿರುವ ಎಚ್ಚರಿಕೆ ಅದು. ಮುಂಬದಿಯ ದೊಡ್ಡ ಅಕ್ಷರಗಳನ್ನು ಅದೇ ಸುಳ್ಳಾಗಿಸುತ್ತದೆ. ಹೃದಯದ ತೊಂದರೆಗೆ ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು ಎಂಬ ಮಾತು ಮಾತ್ರ ಎಲ್ಲಿಯೂ ಇಲ್ಲ, ಅಂಗಡಿಯವರೂ ಹೇಳಲಿಲ್ಲ. ಹಿರಿಯರಿಗೆಂದೇ ಮಾರುವ ವಸ್ತುವಿನಲ್ಲಿ ಇದು ಗಂಭೀರ ಲೋಪ.

ಐದರಲ್ಲಿ ಎರಡು ಅಂಕ, ಅದೂ ಬಿ12ಗಾಗಿ. ಬಿ12 ಕೊರತೆಯಿಂದಲೂ ಮರೆವು ಬರಬಹುದು, ಸಸ್ಯಾಹಾರಿ ಮನೆಗಳಲ್ಲಿ ಆ ಕೊರತೆ ಸಾಮಾನ್ಯ. ಆದರೆ ರಕ್ತಪರೀಕ್ಷೆ ಮಾಡಿಸಿ ಬರೀ ಬಿ12 ಕೊಂಡರೆ ಖರ್ಚು ಬಹಳ ಕಡಿಮೆ. ಮನೆಯ ಹಿರಿಯರು ಹೆಸರು, ದಾರಿ ಮರೆಯತೊಡಗಿದ್ದರೆ ಮೊದಲು ನರರೋಗ ತಜ್ಞರ ಬಳಿ ಕರೆದೊಯ್ಯಿರಿ. ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ನಾವು ಎರಡನೆಯ ಡಬ್ಬಿ ಕೊಳ್ಳದೆ ಮಾವನವರ ಕಿವಿಯ ಪರೀಕ್ಷೆಗೆ ದಿನ ಗೊತ್ತುಮಾಡಿದ್ದೇವೆ.